ಆಂಬಿಷಸ್, ಡ್ರಿವನ್, ಮೋಟಿವೇಟೆಡ್: ನಿಮ್ಮ ಬಗ್ಗೆ ಬರೆಯುವಾಗ ಯಾವ ಪದ ಆರಿಸಿಕೊಳ್ಳಬೇಕು?

ಕೆಲಸಕ್ಕೆ ಅರ್ಜಿ ಹಾಕುವವರು ಸಿವಿ ಕೈಗಿಟ್ಟು ಕೇಳುವ ಪ್ರಶ್ನೆಗಳಲ್ಲಿ ಇದೊಂದು ಪದೇ ಪದೇ ಬರುತ್ತದೆ. ‘ಆಂಬಿಷಸ್ ಅಂತ ಬರೆದಿದ್ದೀನಿ, ಜಾಸ್ತಿ ಆಯ್ತಾ? ಡ್ರಿವನ್ ಅಂತ ಹಾಕಲಾ? ಸುಮ್ನೆ ಸೆಲ್ಫ್ ಮೋಟಿವೇಟೆಡ್ ಅಂದ್ರೆ ಸಾಕಾ?’ ಡಿಕ್ಷನರಿ ತೆಗೆದು ನೋಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಒಂದು ಪದದ ಅರ್ಥ ಹೇಳಲು ಇನ್ನೊಂದನ್ನೇ ಕೊಟ್ಟಿರುತ್ತಾರೆ.

ಈ ಪದಗಳೆಲ್ಲ ಮುಂದೆ ಬರಬೇಕು ಅನ್ನುವ ಸ್ವಭಾವವನ್ನೇ ಹೇಳುತ್ತವೆ, ನಿಜ. ಆದರೆ ಒಂದೊಂದೂ ಒಂದೊಂದು ಕಡೆಯಿಂದ ಬಂದಿದೆ. ಒಂದು ರೋಮಿನ ಚುನಾವಣೆಯಿಂದ, ಒಂದು ದನ ಹೊಡೆಯುವ ಕೆಲಸದಿಂದ, ಒಂದು ಉಸಿರಿನಿಂದ, ಒಂದು ಹೊಲದ ಗಡಿಕಲ್ಲಿನಿಂದ. ಬಂದ ದಾರಿಯ ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೇ ಓದುವವರಿಗೆ ಅವು ಬೇರೆ ಬೇರೆಯಾಗಿ ಕೇಳಿಸುತ್ತವೆ. ಮೂಲ ಗೊತ್ತಿದ್ದರೆ ಆಯ್ಕೆ ಸುಲಭ. ಹಾಗಾಗಿ ಇಲ್ಲಿ ಎರಡನ್ನೂ ಒಟ್ಟಿಗೆ ಹೇಳುತ್ತೇನೆ: ಪದ ಎಲ್ಲಿಂದ ಬಂತು, ಅದು ಯಾರಿಗೆ ಸರಿ.

ಯಾವುದನ್ನು ನೋಡಿ ಆರಿಸಬೇಕು?

ನಾನು ನೋಡುವುದು ನಾಲ್ಕು ವಿಷಯ. ಮೊದಲನೆಯದು, ನಿಮ್ಮನ್ನು ಮುಂದಕ್ಕೆ ದೂಡುತ್ತಿರುವುದು ಏನು ಅಂತ ಆ ಪದ ಹೇಳುತ್ತದೆ ಅನ್ನುವುದು. ಹೊರಗಿನ ಒತ್ತಡವಾ, ಒಳಗಿನ ಆಸೆಯಾ, ತಲುಪಬೇಕಾದ ಜಾಗವಾ? ಎರಡನೆಯದು, ಅದನ್ನು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಹುದಾ, ಇಲ್ಲಾ ಬೇರೆಯವರು ಹೇಳಿದರೆ ಚೆನ್ನವಾ? ಕೆಲವು ಪದಗಳು ಬೇರೆಯವರ ಬಾಯಲ್ಲಿ ಹೊಗಳಿಕೆ, ನಮ್ಮ ಬಾಯಲ್ಲಿ ಜಂಬ. ಮೂರನೆಯದು, ನಮ್ಮ ಬಗ್ಗೆ ಒಳ್ಳೆಯ ಮನಸ್ಸಿಲ್ಲದವರು ಓದಿದರೆ ಆ ಪದ ಆಕ್ಷೇಪವಾಗಿ ತಿರುಗಬಹುದಾ?

ನಾಲ್ಕನೆಯದೇ ಮುಖ್ಯ. ಪ್ರತಿ ಪದಕ್ಕೂ ಒಂದು ಬೆಲೆ ಇದೆ, ಆ ಬೆಲೆ ಸಾಕ್ಷಿ. ‘ಮೋಟಿವೇಟೆಡ್’ ಅಂತ ಬರೆದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ‘ಎಂಟರ್‌ಪ್ರೈಸಿಂಗ್’ ಅಂತ ಬರೆದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ‘ಏನು ಶುರು ಮಾಡಿದ್ದೀರಿ?’ ಅಂತ ಬರುತ್ತದೆ. ಓದು ಈಗಷ್ಟೇ ಮುಗಿಸಿದವರ ಕೈಯಲ್ಲಿ ತೋರಿಸಲು ಸಾಕ್ಷಿ ಕಡಿಮೆ ಇರುತ್ತದೆ. ಹತ್ತು ವರ್ಷ ಕೆಲಸ ಮಾಡಿದವರ ಕೈಯಲ್ಲಿ ಜಾಸ್ತಿ ಇರುತ್ತದೆ. ಇಬ್ಬರೂ ಒಂದೇ ಪದ ಕೊಳ್ಳಬೇಕಾಗಿಲ್ಲ.

ಆಂಬಿಷಸ್: ಬಿಳಿ ಬಟ್ಟೆ ತೊಟ್ಟು ಓಟು ಕೇಳಿದವರ ಪದ

ಎಲ್ಲರೂ ಮೊದಲು ಕೈಹಾಕುವ ಪದ ಇದು. ಇದರ ಕಥೆಯೂ ದೊಡ್ಡದು.

ಲ್ಯಾಟಿನ್‌ನಲ್ಲಿ ‘ಆಂಬೈರೆ’ ಅಂದರೆ ಸುತ್ತಾಡು. ‘ಆಂಬಿ’ ಅಂದರೆ ಸುತ್ತ, ‘ಈರೆ’ ಅಂದರೆ ಹೋಗು. ಎಕ್ಸಿಟ್, ಟ್ರಾನ್ಸಿಟ್ ಪದಗಳೊಳಗೆ ಇರುವುದೂ ಇದೇ ‘ಹೋಗು’. ಸಂಸ್ಕೃತದ ‘ಏತಿ’ (ಹೋಗುತ್ತಾನೆ), ‘ಅಭಿತಃ’ (ಸುತ್ತ) ಪದಗಳು ಇವಕ್ಕೆ ದೂರದ ನೆಂಟರು. ಪ್ರಾಚೀನ ರೋಮಿನಲ್ಲಿ ಪದವಿಗೆ ನಿಂತವನು ಊರು ಸುತ್ತಬೇಕಿತ್ತು. ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಟೋಗಾ ಅನ್ನುವ ನಿಲುವಂಗಿ ತೊಟ್ಟು ಸಾರ್ವಜನಿಕ ಚೌಕಕ್ಕೆ ಬರುತ್ತಿದ್ದ. ‘ಕ್ಯಾಂಡಿಡೇಟ್’ ಅನ್ನುವ ಪದ ಹುಟ್ಟಿದ್ದೇ ಈ ಬಿಳುಪಿನಿಂದ. ಸಿಕ್ಕಸಿಕ್ಕವರ ಕೈಹಿಡಿದು ಓಟು ಕೇಳುತ್ತಿದ್ದ. ಎದುರು ಬರುತ್ತಿರುವವರ ಹೆಸರನ್ನು ಕಿವಿಯಲ್ಲಿ ಹೇಳಿಕೊಡಲು ಪಕ್ಕದಲ್ಲಿ ಒಬ್ಬ ಗುಲಾಮ ಇರುತ್ತಿದ್ದ. ಹೀಗೆ ಸುತ್ತುವುದಕ್ಕೆ ‘ಆಂಬಿಷಿಯೊ’ ಅನ್ನುತ್ತಿದ್ದರು.

ಅದೇ ಬೇರಿನಿಂದ ಇನ್ನೊಂದು ಪದ ಬಂತು, ‘ಆಂಬಿಟಸ್’. ಅದು ಅಪರಾಧದ ಹೆಸರು. ದುಡ್ಡು ಹಂಚಿ, ಊಟ ಹಾಕಿಸಿ ಓಟು ಕೊಳ್ಳುವುದಕ್ಕೆ ಆ ಹೆಸರು. ಕ್ರಿ.ಪೂ. 63ರಲ್ಲಿ ಹೆಸರಾಂತ ಭಾಷಣಕಾರ ಸಿಸೆರೊ ರೋಮಿನ ಅತಿ ದೊಡ್ಡ ಪದವಿಯಾದ ಕಾನ್ಸಲ್ ಆಗಿದ್ದಾಗ ಇದರ ವಿರುದ್ಧ ಕಾನೂನು ಬಿಗಿ ಮಾಡಿ ಹತ್ತು ವರ್ಷ ಗಡಿಪಾರಿನ ಶಿಕ್ಷೆ ತಂದ. ಅದೇ ವರ್ಷ, ಅದೇ ಆರೋಪ ಹೊತ್ತಿದ್ದ ಮುರೇನಾ ಅನ್ನುವವನ ಪರವಾಗಿ ತಾನೇ ವಾದ ಮಾಡಿದ.

ಅಂದರೆ ಹುಟ್ಟುವಾಗಲೇ ಈ ಪದದ ಪಕ್ಕದಲ್ಲಿ ಅನುಮಾನ ನಿಂತಿತ್ತು. ಫ್ರೆಂಚ್ ದಾಟಿ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ಅದು ಹೊಗಳಿಕೆ ಆಗಿರಲಿಲ್ಲ. ಗೌರವಕ್ಕೆ, ಅಧಿಕಾರಕ್ಕೆ ಬಾಯಿಬಿಡುವವನು ಅನ್ನುವ ಅರ್ಥ. ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ ಬ್ರೂಟಸ್ ಕೊಲೆಗೆ ಕೊಡುವ ಕಾರಣವೇ ಸೀಸರ್ ಆಂಬಿಷಸ್ ಆಗಿದ್ದ ಅನ್ನುವುದು. ಆಮೇಲೆ ಆಂಟನಿ ಆ ಒಂದೇ ಪದವನ್ನು ಮತ್ತೆ ಮತ್ತೆ ಹೇಳಿ ಜನರ ಮನಸ್ಸು ತಿರುಗಿಸುತ್ತಾನೆ. ಇದು ಒಳ್ಳೆಯ ಗುಣ ಅನ್ನಿಸಿಕೊಂಡದ್ದು ತೀರಾ ಈಚೆಗೆ. ಹುಟ್ಟಿದ ಮನೆತನಕ್ಕಿಂತ ದುಡಿದು ಮೇಲೆ ಬರುವುದೇ ದೊಡ್ಡದು ಅನ್ನುವ ಕಾಲ ಬಂದ ಮೇಲೆ.

ನಮ್ಮಲ್ಲೂ ಈ ಎರಡು ಮುಖ ಇವೆ. ಪತ್ರಿಕೆಯಲ್ಲಿ ‘ಸರ್ಕಾರದ ಮಹತ್ವಾಕಾಂಕ್ಷೆಯ ಯೋಜನೆ’ ಅಂತ ಓದಿದರೆ ಒಳ್ಳೆಯದೇ ಅನ್ನಿಸುತ್ತದೆ. ‘ಅವನು ಭಾರಿ ಮಹತ್ವಾಕಾಂಕ್ಷಿ’ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಹುಷಾರಾಗುತ್ತೇವೆ. ಅತಿಯಾಸೆ ಗತಿಗೇಡು ಅಂತ ಕೇಳಿಕೊಂಡೇ ಬೆಳೆದವರು ನಾವು.

ಅಳತೆಗೆ ಹಚ್ಚಿ ನೋಡಿದರೆ ಆಂಬಿಷಸ್ ಹೇಳುವುದು ನೀವು ತಲುಪಬೇಕೆಂದಿರುವ ಜಾಗದ ಬಗ್ಗೆ ಮಾತ್ರ. ನೀವು ಕೆಲಸ ಮಾಡುವ ರೀತಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಕೆಲಸ ಕೊಡುವವರಿಗೆ ಬೇಕಾದದ್ದು ಎರಡನೆಯದು. ‘ಇವರಿಗೆ ದೊಡ್ಡ ಕುರ್ಚಿ ಬೇಕು, ಸಿಗದಿದ್ದರೆ ವರ್ಷದೊಳಗೆ ಬಿಟ್ಟು ಹೋಗುತ್ತಾರೆ’ ಅಂತಲೂ ಓದಿಕೊಳ್ಳಬಹುದು. ಹಾಗಂತ ಪದವನ್ನೇ ಬಿಡಬೇಕಾಗಿಲ್ಲ. ಅದನ್ನು ನಿಮ್ಮ ಮೇಲೆ ಹಾಕಿಕೊಳ್ಳುವ ಬದಲು ಗುರಿಯ ಮೇಲೆ ಹಾಕಿ. ‘ಐ ಆಮ್ ಆಂಬಿಷಸ್’ ಬದಲು ‘ಆನ್ ಆಂಬಿಷಸ್ ಟಾರ್ಗೆಟ್’ ಅಂದು, ಆ ಟಾರ್ಗೆಟ್ ಏನಿತ್ತು, ಎಷ್ಟು ಮುಟ್ಟಿದಿರಿ ಅಂತ ಹೇಳಿ. ಆಗ ಅನುಮಾನದ ಮುಖ ಮರೆಯಾಗುತ್ತದೆ.

ಒಂದು ಎಚ್ಚರಿಕೆ. ಆಫೀಸಿನಲ್ಲಿ ಮೇಲಿನವರು ನಿಮ್ಮ ಯೋಜನೆ ನೋಡಿ ‘ದಿ ಟೈಮ್‌ಲೈನ್ ಈಸ್ ಅ ಬಿಟ್ ಆಂಬಿಷಸ್’ ಅಂತ ಮೇಲ್ ಹಾಕಿದರೆ ಅದು ಹೊಗಳಿಕೆ ಅಂತ ಖುಷಿಪಡಬೇಡಿ. ಇಷ್ಟು ದಿನದಲ್ಲಿ ಇದು ಆಗುವ ಮಾತಲ್ಲ ಅಂತ ಮೆಲ್ಲಗೆ ಹೇಳುತ್ತಿದ್ದಾರೆ. ಬ್ರಿಟನ್ನಿನವರ ಜೊತೆ ಕೆಲಸ ಮಾಡುವವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಇನ್ನೊಂದು ಮಾತು ಹೇಳಲೇಬೇಕು. ಗಂಡಸರಿಗೆ ಹೇಳಿದಾಗ ಹೊಗಳಿಕೆಯಾಗುವ ಈ ಪದ ಹೆಂಗಸರಿಗೆ ಹೇಳಿದಾಗ ಎಷ್ಟೋ ಸಲ ಆಕ್ಷೇಪವಾಗುತ್ತದೆ. ‘ಹುಡುಗಿ ಚೆನ್ನಾಗಿದ್ದಾಳೆ, ಆದ್ರೆ ಸ್ವಲ್ಪ ಆಂಬಿಷಸ್’ ಅನ್ನುವ ಮಾತು ಮದುವೆ ಮಾತುಕತೆಗಳಲ್ಲಿ ಕಿವಿಗೆ ಬೀಳುತ್ತದೆ, ಅಲ್ವಾ? ಇದು ಅನ್ಯಾಯ. ಮ್ಯಾಟ್ರಿಮೊನಿ ಪ್ರೊಫೈಲ್‌ನಲ್ಲಿ ಈ ಪದ ಇರಲಾ, ತೆಗೆಯಲಾ ಅಂತ ಕೇಳುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟೇ: ನೀವು ನಿಜಕ್ಕೂ ಹಾಗಿದ್ದರೆ ಇರಲಿ. ಆ ಪದ ಓದಿ ಹಿಂದೆ ಸರಿಯುವ ಮನೆಯವರು ನಿಶ್ಚಿತಾರ್ಥಕ್ಕೆ ಮುಂಚೆಯೇ ಸರಿಯಲಿ.

ಮೋಟಿವೇಟೆಡ್: ಅಗ್ಗ, ಸುರಕ್ಷಿತ

ಲ್ಯಾಟಿನ್‌ನ ‘ಮೊವೇರೆ’, ಅಂದರೆ ಅಲುಗಿಸು, ಕದಲಿಸು. ಮೂವ್, ಮೋಟಾರ್, ಮೋಟಿವ್ ಎಲ್ಲ ಇದರ ಮಕ್ಕಳೇ. ಮೋಟಿವ್ ಅಂದರೆ ಮನುಷ್ಯನನ್ನು ಕದಲಿಸುವ ಕಾರಣ. ಮೋಟಿವೇಷನ್ ಅನ್ನುವ ಪದ 19ನೇ ಶತಮಾನದ ಕೊನೆಯ ಭಾಗದ್ದು. ಅದಕ್ಕೆ ಹೆಸರು ಬಂದದ್ದು 20ನೇ ಶತಮಾನದ ಮನಃಶಾಸ್ತ್ರದಿಂದ. ಅಬ್ರಹಾಂ ಮ್ಯಾಸ್ಲೊ ಮನುಷ್ಯನ ಅಗತ್ಯಗಳನ್ನು ಹಂತಹಂತವಾಗಿ ಜೋಡಿಸಿ ಬರೆದ ಪ್ರಬಂಧ 1943ರದು. 1960ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಹೈದರಾಬಾದಿನಲ್ಲಿ ತರಬೇತಿ ಕೊಡಿಸಿ, ಸಾಧಿಸಬೇಕು ಅನ್ನುವ ಹಂಬಲವನ್ನು ಕಲಿಸಬಹುದಾ ಅಂತ ಪರೀಕ್ಷೆ ಮಾಡಿದ್ದರು. ಮ್ಯಾನೇಜ್‌ಮೆಂಟ್ ಓದಿದವರಿಗೆ ‘ಕಾಕಿನಾಡ ಪ್ರಯೋಗ’ ಅನ್ನುವ ಹೆಸರು ಪರಿಚಯ ಇರುತ್ತದೆ.

ಈ ಪದದಿಂದ ಯಾರಿಗೂ ಕೋಪ ಬರುವುದಿಲ್ಲ, ಯಾರೂ ಸಾಕ್ಷಿ ಕೇಳುವುದಿಲ್ಲ. ಅದೇ ಅದರ ಬಲ, ಅದೇ ಅದರ ಕೊರತೆ. ಎಲ್ಲರ ಸಿವಿಯಲ್ಲೂ ಇರುವುದರಿಂದ ಕಣ್ಣು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ. ಜೊತೆಗೆ ಇದು ಕರ್ಮಣಿ ರೂಪ. ಯಾರೋ ನಿಮ್ಮನ್ನು ಕದಲಿಸಿದರು ಅಂತ ಆಗುತ್ತದೆ. ಅದಕ್ಕೇ ಹಿಂದೆ ‘ಸೆಲ್ಫ್’ ಸೇರಿಸಬೇಕಾಗಿ ಬಂದದ್ದು: ಬೇರೆಯವರು ತಳ್ಳಬೇಕಾಗಿಲ್ಲ, ನಾನೇ ಮಾಡುತ್ತೇನೆ ಅಂತ. ಮನೆಯಿಂದಲೇ ಮಾಡುವ ಕೆಲಸಕ್ಕೆ, ಮೇಲೆ ಯಾರೂ ನಿಂತು ನೋಡದ ಫೀಲ್ಡ್ ಕೆಲಸಕ್ಕೆ ಅರ್ಜಿ ಹಾಕುವಾಗ ಸೆಲ್ಫ್ ಮೋಟಿವೇಟೆಡ್‌ಗೆ ನಿಜವಾದ ಅರ್ಥ ಇದೆ. ಉಳಿದ ಕಡೆ ಅದು ಜಾಗ ತುಂಬುವ ಪದ.

ಎರಡು ಕಡೆ ಹುಷಾರಾಗಿರಿ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಮೋಟಿವೇಟೆಡ್’ ಆರೋಪ ಅಂದರೆ ದುರುದ್ದೇಶದ ಆರೋಪ. ಕನ್ನಡದಲ್ಲಿ ‘ರಾಜಕೀಯ ಪ್ರೇರಿತ’ ಅನ್ನುತ್ತೇವಲ್ಲ, ಅದೇ. ಎರಡನೆಯದು ಜರ್ಮನಿಗೆ ಓದಲು ಹೋಗುವವರಿಗೆ. ಅಲ್ಲಿನ ವಿಶ್ವವಿದ್ಯಾಲಯಗಳು ‘ಮೋಟಿವೇಷನ್ ಲೆಟರ್’ ಕೇಳುತ್ತವೆ. ಹೆಸರು ನೋಡಿ ‘ಐ ಆಮ್ ಹೈಲಿ ಮೋಟಿವೇಟೆಡ್’ ಅಂತ ಶುರು ಮಾಡುವವರು ತುಂಬ ಜನ. ಅವರು ಕೇಳುತ್ತಿರುವುದು ಪದದ ಹಳೆಯ ಅರ್ಥ: ನಿಮ್ಮ ಕಾರಣ ಏನು? ಈ ಕೋರ್ಸೇ ಯಾಕೆ, ಇಲ್ಲೇ ಯಾಕೆ? ಆ ಪತ್ರದಲ್ಲಿ ಮೋಟಿವೇಟೆಡ್ ಅನ್ನುವ ಪದ ಒಂದು ಸಲವೂ ಬರಬೇಕಾಗಿಲ್ಲ.

ಡ್ರಿವನ್: ಬೇರೆಯವರು ಹೇಳಿದರೆ ಚೆನ್ನ

ಇದು ಲ್ಯಾಟಿನ್‌ನಿಂದ ಬಂದದ್ದಲ್ಲ, ಹಳೆಯ ಇಂಗ್ಲಿಷಿನದೇ ಪದ. ದನಕರುಗಳನ್ನು ಹಿಂದಿನಿಂದ ಅಟ್ಟಿಕೊಂಡು ಹೋಗುವುದಕ್ಕೆ ಡ್ರೈವ್ ಅನ್ನುತ್ತಿದ್ದರು. ಆಮೇಲೆ ಗಾಡಿಗೆ ಬಂತು, ಕೊನೆಗೆ ಕಾರಿಗೆ. ನಮ್ಮ ‘ಹೊಡೆ’ ಕೂಡ ಇದೇ ದಾರಿಯಲ್ಲಿ ನಡೆದಿದೆ ನೋಡಿ: ದನ ಹೊಡ್ಕೊಂಡು ಹೋದ, ಗಾಡಿ ಹೊಡೆದ, ಈಗ ಲಾರಿ ಹೊಡೀತಾನೆ.

ಮನಸ್ಸಿನ ಒಳಗಿನ ಒತ್ತಡಕ್ಕೆ ಈ ಪದ ಬಂದದ್ದರಲ್ಲಿ ಮನಃಶಾಸ್ತ್ರದ ಪಾಲು ದೊಡ್ಡದು. ಅಮೆರಿಕದ ರಾಬರ್ಟ್ ವುಡ್‌ವರ್ತ್ 1918ರಲ್ಲಿ ‘ಡ್ರೈವ್’ ಅನ್ನುವುದನ್ನು ಶಾಸ್ತ್ರದ ಪದವಾಗಿ ಬಳಕೆಗೆ ತಂದರು. ಫ್ರಾಯ್ಡ್ ಜರ್ಮನ್‌ನಲ್ಲಿ ಬಳಸಿದ್ದ ‘ಟ್ರೀಬ್’ ಕೂಡ ಅಟ್ಟು, ದೂಡು ಅನ್ನುವ ಇದೇ ಬೇರಿನದು.

ಹಾಗಾಗಿ ಡ್ರಿವನ್ ಅಂದಾಗ ಹಿಂದೆ ಏನೋ ಅಟ್ಟುತ್ತಿದೆ, ನಿಲ್ಲಲು ಬಿಡುತ್ತಿಲ್ಲ ಅನ್ನುವ ಚಿತ್ರ ಬರುತ್ತದೆ. ಆಂಬಿಷಸ್ ಆದವರಿಗೆ ಮುಂದೆ ಒಂದು ಜಾಗ ಕಾಣುತ್ತಿರುತ್ತದೆ. ಡ್ರಿವನ್ ಆದವರಿಗೆ ಜಾಗ ಕಾಣದಿದ್ದರೂ ಕೈ ಕೆಲಸ ಬಿಡುವುದಿಲ್ಲ. ಅಮೆರಿಕದ ಕಂಪನಿಗಳಿಗೆ, ಸ್ಟಾರ್ಟಪ್‌ಗಳಿಗೆ ಇದು ತುಂಬ ಇಷ್ಟದ ಪದ. ಆದರೆ ತಮ್ಮ ಬಗ್ಗೆ ತಾವೇ ಬರೆದುಕೊಂಡಾಗ ‘ಇವರು ತಾವೂ ಮಲಗುವುದಿಲ್ಲ, ಜೊತೆಯವರನ್ನೂ ಮಲಗಲು ಬಿಡುವುದಿಲ್ಲ’ ಅನ್ನುವ ಅನುಮಾನ ಬರಬಹುದು. ತಂಡ ನಡೆಸುವ ಹುದ್ದೆಗೆ ಹೋಗುವವರು ಇದನ್ನು ಯೋಚಿಸಬೇಕು.

ಈ ಪದಕ್ಕೆ ಸರಿಯಾದ ಜಾಗ ಶಿಫಾರಸು ಪತ್ರ. ಮೇಷ್ಟ್ರು ತಮ್ಮ ವಿದ್ಯಾರ್ಥಿಯ ಬಗ್ಗೆ ‘ಡ್ರಿವನ್’ ಅಂತ ಬರೆದು, ಲ್ಯಾಬ್‌ನಲ್ಲಿ ಎಲ್ಲರೂ ಬಿಟ್ಟ ಪ್ರಯೋಗವನ್ನು ಇವಳೊಬ್ಬಳು ಮತ್ತೆ ಹಿಡಿದಳು ಅಂತ ಒಂದು ಸಾಲು ಸೇರಿಸಿದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇಂಥ ಪತ್ರ (ಎಲ್‌ಒಆರ್) ಬರೆಯುವ ಉಪನ್ಯಾಸಕರು ‘ಸಿನ್ಸಿಯರ್ ಆಂಡ್ ಹಾರ್ಡ್‌ವರ್ಕಿಂಗ್’ ಬಿಟ್ಟು ಇದನ್ನು ಬಳಸಿ ನೋಡಲಿ. ನಿಮ್ಮ ಬಗ್ಗೆ ನೀವೇ ಬರೆಯುವುದಾದರೆ ‘ಡೇಟಾ ಡ್ರಿವನ್’ ತರದ ಜೋಡಿ ಪದ ವಾಸಿ. ಅಲ್ಲಿ ನಿಮ್ಮನ್ನು ನಡೆಸುವುದು ಏನು ಅನ್ನುವುದು ಸ್ಪಷ್ಟ ಇರುತ್ತದೆ.

ಆಸ್ಪೈರಿಂಗ್: ಇನ್ನೂ ಬಾಗಿಲಲ್ಲಿ ನಿಂತವರಿಗೆ

ಲ್ಯಾಟಿನ್‌ನ ‘ಸ್ಪಿರಾರೆ’ ಅಂದರೆ ಉಸಿರಾಡು. ಇನ್‌ಸ್ಪೈರ್, ಎಕ್ಸ್‌ಪೈರ್, ಸ್ಪಿರಿಟ್ ಎಲ್ಲ ಇದೇ ಉಸಿರು. ‘ಆಸ್ಪೈರ್’ ಅಂದರೆ ಒಂದರ ಕಡೆಗೆ ಉಸಿರು ಬಿಡುವುದು. ಅದರಿಂದ ಒಂದಕ್ಕಾಗಿ ಹಂಬಲಿಸುವುದು ಅನ್ನುವ ಅರ್ಥ ಬಂತು. ಖ, ಘ, ಛ ಅಕ್ಷರಗಳನ್ನು ನಾವು ಮಹಾಪ್ರಾಣ ಅಂತ ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಅವಕ್ಕೆ ‘ಆಸ್ಪಿರೇಟೆಡ್’ ಅನ್ನುತ್ತಾರೆ. ಎರಡೂ ಕಡೆ ಹೇಳುತ್ತಿರುವುದು ಜೋರಾಗಿ ಬಿಡುವ ಉಸಿರಿನ ಬಗ್ಗೆಯೇ.

ಇದರಲ್ಲಿ ಆಂಬಿಷಸ್‌ನ ಕಹಿ ಇಲ್ಲ. ಕೇಳಲು ಮೃದು. ಆದರೆ ಇದು ‘ಇನ್ನೂ ಆಗಿಲ್ಲ’ ಅಂತ ಒಪ್ಪಿಕೊಳ್ಳುವ ಪದ. ‘ಆಸ್ಪೈರಿಂಗ್ ರೈಟರ್’ ಅಂದರೆ ಬರಹಗಾರನಾಗಬೇಕು ಅಂದುಕೊಂಡವನು. ಅದಾಗಲೇ ಬರೆಯುತ್ತಿದ್ದರೆ, ನಾಲ್ಕು ಕಡೆ ಅಚ್ಚಾಗಿದ್ದರೆ, ಈ ಪದ ನಿಮ್ಮನ್ನೇ ಕೆಳಗಿಳಿಸುತ್ತದೆ. ಬರೀ ‘ರೈಟರ್’ ಅನ್ನಿ. ಕೋಡ್ ಬರೆದು ಆ್ಯಪ್ ಮಾಡಿರುವ ಹುಡುಗ ‘ಆಸ್ಪೈರಿಂಗ್ ಡೆವಲಪರ್’ ಅಂತ ಹಾಕಿಕೊಂಡಿರುವುದನ್ನು ನೋಡಿದಾಗ ಬೇಜಾರಾಗುತ್ತದೆ. ಮಾಡಿದ ಕೆಲಸಕ್ಕೆ ಹೆಸರು ಹೇಳಿಕೊಳ್ಳಲು ಹಿಂಜರಿಕೆ ಯಾಕೆ?

ಪದವಿ ಓದುತ್ತಿರುವವರು, ಒಂದು ಕ್ಷೇತ್ರ ಬಿಟ್ಟು ಇನ್ನೊಂದಕ್ಕೆ ಹೋಗುವವರು, ಎಸ್‌ಒಪಿ (ಈ ಕೋರ್ಸ್ ಯಾಕೆ ಅಂತ ವಿಶ್ವವಿದ್ಯಾಲಯಕ್ಕೆ ಬರೆಯುವ ಪತ್ರ) ಬರೆಯುವವರು ಬಳಸಲಿ. ನಾಮಪದಕ್ಕಿಂತ ಮೊದಲು ಇಟ್ಟರೆ ಮಾತ್ರ ಇದು ಚೆನ್ನಾಗಿ ಕೂರುತ್ತದೆ. ‘ಐ ಆಮ್ ವೆರಿ ಆಸ್ಪೈರಿಂಗ್’ ಅಂತ ಯಾರೂ ಹೇಳುವುದಿಲ್ಲ.

ಎಂಟರ್‌ಪ್ರೈಸಿಂಗ್: ದುಬಾರಿ, ಆದರೆ ನನ್ನ ಆಯ್ಕೆ ಇದೇ

ಹಳೆಯ ಫ್ರೆಂಚಿನಲ್ಲಿ ‘ಪ್ರಾಂದ್ರ್’ ಅಂದರೆ ಹಿಡಿ, ತೆಗೆದುಕೋ. ‘ಆಂತ್ರ್’ ಅಂದರೆ ನಡುವೆ. ಎರಡೂ ಸೇರಿ ಒಂದು ಕೆಲಸವನ್ನು ಕೈಗೆತ್ತಿಕೊಳ್ಳುವುದು ಅನ್ನುವ ಅರ್ಥ ಬಂತು. ಆಂತ್ರಪ್ರೆನ್ಯೂರ್ ಇದರ ಅಣ್ಣತಮ್ಮ. ಸರ್‌ಪ್ರೈಸ್ ಮತ್ತು ಪ್ರಿಸನ್ ಪದಗಳಲ್ಲಿರುವುದೂ ಹಿಡಿಯುವುದೇ.

ಉಳಿದ ಪದಗಳೆಲ್ಲ ಮನಸ್ಸಿನೊಳಗಿನ ಸ್ಥಿತಿಯನ್ನು ಹೇಳಿದರೆ ಇದು ಕೈ ಮಾಡಿದ ಕೆಲಸವನ್ನು ಹೇಳುತ್ತದೆ. ಯಾರೂ ಹೇಳದೆ, ಎಲ್ಲೋ ಒಂದು ಕೊರತೆ ಕಂಡು, ನೀವೇ ಕೈಹಾಕಿದಿರಿ ಅಂತ. ಅದಕ್ಕೇ ಸಾಕ್ಷಿ ಇಲ್ಲದೆ ಇದನ್ನು ಬರೆಯುವಂತಿಲ್ಲ. ಸಾಕ್ಷಿ ಇದ್ದರೆ ಇದರಷ್ಟು ಕೆಲಸ ಮಾಡುವ ಪದ ಈ ಗುಂಪಿನಲ್ಲಿ ಇನ್ನೊಂದಿಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ. ತಿಪಟೂರಿನ ಕಡೆಯ ಒಬ್ಬ ಬಿಕಾಂ ಹುಡುಗಿ ಅಂದುಕೊಳ್ಳಿ. ಅಪ್ಪನದು ಕೊಬ್ಬರಿ ವ್ಯಾಪಾರ. ಲೆಕ್ಕವೆಲ್ಲ ಉದ್ದನೆಯ ಕೆಂಪು ಪುಸ್ತಕದಲ್ಲಿ, ಕೈಬರಹದಲ್ಲಿ. ರಜೆಯಲ್ಲಿ ಕೂತು ಅಷ್ಟನ್ನೂ ಎಕ್ಸೆಲ್‌ಗೆ ಹಾಕುತ್ತಾಳೆ. ಯಾರಿಂದ ಎಷ್ಟು ಬಾಕಿ, ಯಾವ ತಿಂಗಳಿಂದ ಅನ್ನುವುದು ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಅಪ್ಪ ಮರೆತೇಬಿಟ್ಟಿದ್ದ ಹಳೆಯ ಬಾಕಿಗಳು ಮೇಲೆ ಬರುತ್ತವೆ. ಇವಳ ಸಿವಿ ಮಾತ್ರ ಎಲ್ಲರ ಹಾಗೆ ಶುರುವಾಗುತ್ತದೆ: ‘ಆಂಬಿಷಸ್, ಸೆಲ್ಫ್ ಮೋಟಿವೇಟೆಡ್ ಆಂಡ್ ಹಾರ್ಡ್‌ವರ್ಕಿಂಗ್ ಇಂಡಿವಿಜುವಲ್.’ ಕೊಬ್ಬರಿ ಲೆಕ್ಕದ ಸುದ್ದಿಯೇ ಇಲ್ಲ. ಅದು ಮನೆ ಕೆಲಸ, ಬರೆಯುವಂಥದ್ದಲ್ಲ ಅಂತ ಅವಳ ಲೆಕ್ಕ.

ಆ ಸಾಲು ಹೊಡೆದುಹಾಕಿ ‘ಎಂಟರ್‌ಪ್ರೈಸಿಂಗ್ ಕಾಮರ್ಸ್ ಗ್ರಾಜುಯೇಟ್’ ಅಂತ ಬರೆದು, ಕೆಳಗೆ ಒಂದೇ ಸಾಲಿನಲ್ಲಿ ಅಪ್ಪನ ಅಂಗಡಿಯ ಲೆಕ್ಕಕ್ಕೆ ಏನು ಮಾಡಿದಳು, ಎಷ್ಟು ಬಾಕಿ ವಸೂಲಾಯಿತು ಅಂತ ಹಾಕಿದರೆ ಸಾಕು. ಮೂರು ವಿಶೇಷಣ ಹೋಗಿ ಒಂದು ಉಳಿಯಿತು. ಆ ಒಂದಕ್ಕೆ ಆಧಾರ ಇದೆ. ಸಂದರ್ಶನದಲ್ಲಿ ಅವಳು ಹತ್ತು ನಿಮಿಷ ನಿಲ್ಲದೆ ಮಾತಾಡಬಲ್ಲ ವಿಷಯವೂ ಸಿಕ್ಕಿತು.

ಬ್ಯಾಂಕ್ ಸಾಲಕ್ಕೆ, ಸ್ವಂತ ಉದ್ಯಮಕ್ಕೆ, ಸಣ್ಣ ಕಂಪನಿಗಳಿಗೆ ಅರ್ಜಿ ಹಾಕುವವರಿಗೆ ಈ ಪದ ತುಂಬ ಒಗ್ಗುತ್ತದೆ. ಹೇಳಿದಷ್ಟು ಮಾಡಿದರೆ ಸಾಕು ಅನ್ನುವ ಜಾಗಗಳಿಗೆ, ಅಂದರೆ ನಿಯಮ ಪಾಲನೆಯೇ ಮುಖ್ಯವಾದ ಆಡಿಟ್, ದಾಖಲೆ ಕೆಲಸಗಳಿಗೆ, ಅಷ್ಟು ಒಗ್ಗುವುದಿಲ್ಲ.

ಡಿಟರ್ಮಿನ್ಡ್: ಬಿದ್ದು ಎದ್ದವರ ಪದ

‘ಟರ್ಮಿನಸ್’ ಅಂದರೆ ಗಡಿ. ರೋಮನ್ನರಿಗೆ ಅದೇ ಹೆಸರಿನ ದೇವರೂ ಇದ್ದ. ಹೊಲದ ಗಡಿಕಲ್ಲೇ ಆ ದೇವರು. ಫೆಬ್ರವರಿ 23ರಂದು ಅಕ್ಕಪಕ್ಕದ ಹೊಲದವರು ಸೇರಿ ಆ ಕಲ್ಲಿಗೆ ಹಾರ ಹಾಕಿ ಪೂಜೆ ಮಾಡುತ್ತಿದ್ದರು. ನಮ್ಮ ಬಸ್ ಟರ್ಮಿನಲ್ ಕೂಡ ಇದೇ ಗಡಿಯಿಂದ ಬಂದದ್ದು. ‘ಡಿಟರ್ಮಿನ್’ ಅಂದರೆ ಗಡಿ ಹಾಕು, ಇತ್ಯರ್ಥ ಮಾಡು. ಡಿಟರ್ಮಿನ್ಡ್ ಆದವರು ಮನಸ್ಸಿನಲ್ಲಿ ಗಡಿಕಲ್ಲು ನೆಟ್ಟಾಗಿದೆ, ಇನ್ನು ಕದಲುವುದಿಲ್ಲ ಅನ್ನುವವರು.

ಕನ್ನಡದ ‘ಛಲ’ ಇದಕ್ಕೆ ತೀರಾ ಹತ್ತಿರ. ಪಂಪ ದುರ್ಯೋಧನನನ್ನು ಛಲಕ್ಕೆ ಮಾದರಿಯಾಗಿ ಎತ್ತಿ ಹೇಳಿದ್ದಾನೆ. ಯುದ್ಧ ಸೋತವನನ್ನೂ ಛಲಕ್ಕಾಗಿ ಮೆಚ್ಚಿದ ಭಾಷೆ ನಮ್ಮದು.

ಯುಪಿಎಸ್‌ಸಿ, ಕೆಎಎಸ್‌ಗೆ ವರ್ಷಗಟ್ಟಲೆ ಓದಿ, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮ್ ಮಾಡಿಕೊಂಡಿದ್ದು, ಕೊನೆಗೆ ಖಾಸಗಿ ಕೆಲಸಕ್ಕೆ ಬರುವವರು ತುಂಬ ಜನ ಇದ್ದಾರೆ. ಸಿವಿಯಲ್ಲಿ ಆ ವರ್ಷಗಳನ್ನು ಮುಚ್ಚಿಡಲು ಒದ್ದಾಡುತ್ತಾರೆ. ಮುಚ್ಚಿಡಬೇಡಿ. ಅಲ್ಲಿ ‘ಆಸ್ಪೈರಂಟ್’ ಅಂತ ಬರೆದರೆ ಕನಸು ಮಾತ್ರ ಕಾಣುತ್ತದೆ. ಪ್ರಿಲಿಮ್ಸ್ ಪಾಸಾಗಿದ್ದರೆ ಅದನ್ನು, ಮೇನ್ಸ್‌ವರೆಗೆ ಹೋಗಿದ್ದರೆ ಅದನ್ನು ಹೇಳಿ, ಜೊತೆಗೆ ಡಿಟರ್ಮಿನ್ಡ್ ಅನ್ನಿ. ಓದಿದವರಿಗೆ ಅರ್ಥವಾಗುತ್ತದೆ. ವಾಪಸ್ ಕೆಲಸಕ್ಕೆ ಸೇರುವ ತಾಯಂದಿರಿಗೂ ಇದೇ ಮಾತು. ಹಠಮಾರಿ ಅನ್ನುವ ಕಡೆಗೆ ಸ್ವಲ್ಪ ಜಾರುವ ಭಯ ಇದೆ, ನಿಜ. ‘ಡಿಟರ್ಮಿನ್ಡ್ ಟು’ ಅಂತ ಹೇಳಿ ಮುಂದೆ ಕೆಲಸದ ಹೆಸರು ಸೇರಿಸಿದರೆ ಆ ಭಯ ಕಡಿಮೆಯಾಗುತ್ತದೆ.

ಎಂಥೂಸಿಯಾಸ್ಟಿಕ್: ಏನೂ ಇಲ್ಲದವರಿಗೆ ಇದು

ಗ್ರೀಕ್‌ನ ‘ಎನ್ ಥಿಯೊಸ್’, ಅಂದರೆ ಒಳಗೆ ದೇವರು. ಅಕ್ಷರಶಃ ಮೈಮೇಲೆ ದೇವರು ಬರುವುದು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ಬೈಗುಳ. ಜಾನ್ ವೆಸ್ಲಿಯ ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಥದವರನ್ನು ಹಳಿಯಲು ‘ಎಂಥೂಸಿಯಾಸ್ಟ್’ ಅನ್ನುತ್ತಿದ್ದರು. ಈಗ ಆ ಕಹಿ ಪೂರ್ತಿ ಹೋಗಿದೆ.

ಅನುಭವವೂ ಇಲ್ಲ, ತೋರಿಸಲು ಪ್ರಾಜೆಕ್ಟೂ ಇಲ್ಲ ಅನ್ನುವ ಫ್ರೆಶರ್‌ಗೆ ನಾನು ಇದನ್ನೇ ಹೇಳುವುದು. ಮೋಟಿವೇಟೆಡ್‌ಗಿಂತ ಇದು ಒಂದು ವಿಷಯದಲ್ಲಿ ಮೇಲು: ಮುಂದೆ ‘ಅಬೌಟ್’ ಸೇರಿಸಿ ಯಾವುದರ ಬಗ್ಗೆ ಅಂತ ಹೇಳಬಹುದು. ಅದನ್ನು ಹೇಳದೆ ಬರೀ ಎಂಥೂಸಿಯಾಸ್ಟಿಕ್ ಅಂತ ಬಿಟ್ಟರೆ ಪ್ರಯೋಜನ ಇಲ್ಲ. ‘ಅಗ್ರೆಸಿವ್’ ಅಂತಲೂ ಕೆಲವರು ಬರೆಯುತ್ತಾರೆ, ಸೇಲ್ಸ್ ಕೆಲಸದ ಜಾಹೀರಾತಿನಲ್ಲಿ ನೋಡಿ. ಜಾಹೀರಾತಿನಲ್ಲಿ ಇದ್ದರೂ ನಿಮ್ಮ ಅರ್ಜಿಯಲ್ಲಿ ಬೇಡ.

ಇನ್ನೂ ತೀರ್ಮಾನ ಆಗದಿದ್ದರೆ

ಎರಡು ಪದಗಳ ನಡುವೆ ಸಿಕ್ಕಿಕೊಂಡವರು ಹೀಗೆ ಮಾಡಿ. ಪದ ಬರೆದು ಪಕ್ಕದಲ್ಲಿ ‘ಯಾಕೆಂದರೆ’ ಅಂತ ಹಾಕಿ ಕನ್ನಡದಲ್ಲೇ ಸಾಲು ಪೂರ್ತಿ ಮಾಡಿ. ನಾನು ಆಂಬಿಷಸ್, ಯಾಕೆಂದರೆ... ನಾನು ಎಂಟರ್‌ಪ್ರೈಸಿಂಗ್, ಯಾಕೆಂದರೆ... ಯಾವ ಸಾಲು ತಡವರಿಸದೆ ಮುಗಿಯುತ್ತದೋ ಆ ಪದ ಇಟ್ಟುಕೊಳ್ಳಿ. ಒಂದೂ ಮುಗಿಯದಿದ್ದರೆ ವಿಶೇಷಣವೇ ಬೇಡ. ‘ಬಿಕಾಂ ಗ್ರಾಜುಯೇಟ್, ಟ್ಯಾಲಿ ಬರುತ್ತದೆ’ ಅನ್ನುವ ಸಾಲಿಗೆ ತನ್ನದೇ ಮರ್ಯಾದೆ ಇದೆ. ಒಂದು ಸಿವಿಗೆ ಒಂದೇ ಪದ, ಹೆಚ್ಚೆಂದರೆ ಎರಡು.

ಅಪ್ರೈಸಲ್ ಫಾರಂ ತುಂಬುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಓದುವವರಿಗೆ ನಿಮ್ಮ ಕೆಲಸ ಮೊದಲೇ ಗೊತ್ತು. ಬಡ್ತಿ ಬೇಕು ಅಂತ ಬಾಯಿಬಿಟ್ಟು ಹೇಳಬೇಕಾದ ಜಾಗವೇ ಅದು. ಆಂಬಿಷಸ್ ಅನ್ನುವ ಪದವನ್ನು ಗುರಿಗೆ ಸೇರಿಸಿ ಅಲ್ಲಿ ಧೈರ್ಯವಾಗಿ ಬಳಸಿ. ನಮ್ಮ ಕಡೆಯವರು ಅಲ್ಲಿ ಸಂಕೋಚಪಟ್ಟುಕೊಂಡೇ ಹಿಂದೆ ಉಳಿಯುತ್ತಾರೆ.

ಕೊನೆಗೆ ಉಚ್ಚಾರಣೆ. ಬರೆದ ಪದವನ್ನು ಸಂದರ್ಶನದಲ್ಲಿ ಹೇಳಲೂಬೇಕಲ್ಲ. ಆಂಬಿಷಸ್‌ನಲ್ಲಿ ಒತ್ತು ‘ಬಿ’ ಮೇಲೆ, ಎಂಟರ್‌ಪ್ರೈಸಿಂಗ್‌ನಲ್ಲಿ ಮೊದಲ ‘ಎನ್’ ಮೇಲೆ. ಎಂಥೂಸಿಯಾಸ್ಟಿಕ್‌ನಲ್ಲಿ ‘ಆಸ್’ ಮೇಲೆ. ಡಿಟರ್ಮಿನ್ಡ್ ಪದವನ್ನು ತುಂಬ ಜನ ‘ಡಿಟರ್ಮೈಂಡ್’ ಅಂತಾರೆ. ಅದರಲ್ಲಿ ಮೈಂಡ್ ಇಲ್ಲ. ಕೊನೆಯ ಭಾಗ ‘ಮಿಂಡ್’ ಅಂತ ಚುಟುಕಾಗಿ ಮುಗಿಯಬೇಕು, ಒತ್ತು ನಡುವಿನ ‘ಟರ್’ ಮೇಲೆ. ಹೋಗುವ ಹಿಂದಿನ ದಿನ ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಳ್ಳಿ.